ಮೂರು ಹೆಸರು, ಒಬ್ಬನೇ ದೇವರು

ರಾಯಚೂರು ನಗರದಲ್ಲಿ ಕ್ಯಾಥೊಲಿಕರ ಚರ್ಚಿರಲಿ, ಮೆಥೊಡಿಸ್ಟರ ಚರ್ಚಿರಲಿ, ಮಗುವಿಗೆ ದೀಕ್ಷಾಸ್ನಾನ ಕೊಡುವಾಗ ಹೇಳುವ ಹೆಸರುಗಳು ಮೂರು: ತಂದೆ, ಮಗ, ಪವಿತ್ರಾತ್ಮ. ಕ್ಯಾಥೊಲಿಕ ಗುರುಗಳು ಒಂದೊಂದು ಹೆಸರಿಗೂ ಒಮ್ಮೆಯಂತೆ ಮೂರು ಸಲ ಮಗುವಿನ ನೆತ್ತಿಯ ಮೇಲೆ ನೀರು ಹಾಕುತ್ತಾರೆ. ಹಿಂದೂ, ಮುಸ್ಲಿಂ ನೆರೆಹೊರೆಯವರಿಗೆ ಆಗ ಒಂದು ಪ್ರಶ್ನೆ ಏಳುವುದು ಸಹಜ: ಇವರಿಗೆ ದೇವರು ಒಬ್ಬನೋ, ಮೂವರೋ?

ಕ್ರೈಸ್ತರ ಉತ್ತರ ಸ್ಪಷ್ಟ: ದೇವರು ಒಬ್ಬನೇ. ಯೇಸುವಿನ ಮೊದಲ ಶಿಷ್ಯರು ಯೆಹೂದ್ಯರು. ಏಕದೇವರ ನಂಬಿಕೆ ಅವರಿಗೆ ತಾಯಿಹಾಲಿನೊಂದಿಗೆ ಬಂದದ್ದು. ಅದನ್ನು ಬಿಡದೆಯೇ ಅವರು ಯೇಸುವನ್ನು ಆರಾಧಿಸಿದರು. ತಮ್ಮೊಳಗೆ ನೆಲೆಸಿ ನಡೆಸುವ ಪವಿತ್ರಾತ್ಮನೂ ದೇವರೇ ಎಂದು ಅರಿತರು. ಈ ಮೂವರೂ ಒಬ್ಬನೇ ದೇವರು ಎಂದು ಹೇಳುವ ‘ತ್ರಿತ್ವ’ ಎಂಬ ಮಾತು ಬೈಬಲಿನಲ್ಲಿ ಇಲ್ಲ. ಆ ಅನುಭವಕ್ಕೆ ಸರಿಯಾದ ಮಾತು ಹುಡುಕಲು ಕ್ರೈಸ್ತ ಸಭೆಗೆ ಮುನ್ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಹುಡುಕಾಟದಲ್ಲಿ ಎರಡು ಸುಲಭ ದಾರಿಗಳು ಕಂಡವು. ಒಬ್ಬನೇ ದೇವರು ಒಮ್ಮೆ ತಂದೆಯಾಗಿ, ಒಮ್ಮೆ ಮಗನಾಗಿ, ಒಮ್ಮೆ ಆತ್ಮನಾಗಿ ವೇಷ ಬದಲಿಸುತ್ತಾನೆ ಎನ್ನುವುದು ಮೊದಲನೆಯದು. 3ನೇ ಶತಮಾನದ ಸಬೆಲ್ಲಿಯಸ್ ಹೆಸರಿಗೆ ಅಂಟಿಕೊಂಡ ವಾದವಿದು. ನೀರು, ಮಂಜುಗಡ್ಡೆ, ಆವಿ ಎಂದು ಇಂದಿಗೂ ಕೊಡುವ ಉದಾಹರಣೆ ನಮ್ಮನ್ನು ಕರೆದೊಯ್ಯುವುದು ಇಲ್ಲಿಗೇ. ಆದರೆ ಮಗನಾದ ಯೇಸು ತಂದೆಗೆ ಪ್ರಾರ್ಥಿಸಿದನಲ್ಲ? ಮೂರೂ ಬರಿಯ ವೇಷವಾದರೆ ಆ ಪ್ರಾರ್ಥನೆ ನಾಟಕವಾಗಿಬಿಡುತ್ತದೆ. ಎರಡನೆಯದು ಅಲೆಕ್ಸಾಂಡ್ರಿಯಾದ ಅರಿಯಸ್ ಹೇಳಿದ್ದು: ಮಗ ಎಷ್ಟೇ ದೊಡ್ಡವನಾದರೂ ತಂದೆ ಸೃಷ್ಟಿಸಿದವನು, ತಂದೆಗಿಂತ ಕಡಿಮೆ. 325ರಲ್ಲಿ ಇಂದಿನ ಟರ್ಕಿಯಲ್ಲಿರುವ ನೈಸಿಯದಲ್ಲಿ ಸೇರಿದ ಮಹಾಸಭೆ ಇದನ್ನು ತಳ್ಳಿಹಾಕಿ, ತಂದೆಯ ಸತ್ವವೇ ಮಗನ ಸತ್ವ ಎಂದು ಸಾರಿತು. 381ರ ಕಾನ್‌ಸ್ಟಾಂಟಿನೋಪಲ್ ಸಭೆ ಪವಿತ್ರಾತ್ಮನಿಗೂ ಅದೇ ಆರಾಧನೆ ಸಲ್ಲಬೇಕೆಂದಿತು.

ಹಾಗೆ ನಿಂತ ಸಿದ್ಧಾಂತ ಇದು: ದೈವಸತ್ವ ಒಂದೇ, ಅದು ಪಾಲಾಗುವುದಿಲ್ಲ. ಮೂವರಲ್ಲಿ ಪ್ರತಿಯೊಬ್ಬನೂ ಪೂರ್ಣ ದೇವರು. ಮೂರನೆಯ ಒಂದಂಶ ಅಲ್ಲ. ಮೂವರ ನಡುವಿನ ವ್ಯತ್ಯಾಸ ಶಕ್ತಿಯಲ್ಲಿಲ್ಲ, ಜ್ಞಾನದಲ್ಲಿಲ್ಲ, ಸಂಬಂಧದಲ್ಲಿ ಮಾತ್ರ ಇದೆ. ತಂದೆಗೆ ಮೂಲವಿಲ್ಲ; ಮಗ ತಂದೆಯಿಂದ ಜನಿಸಿದವನು; ಆತ್ಮ ತಂದೆಯಿಂದ ಹೊರಡುವವನು. ಈ ಜನನ ದೇಹದ್ದಲ್ಲ, ಕಾಲದ್ದೂ ಅಲ್ಲ. ಮಗನಿಲ್ಲದ ಕಾಲ ಎಂಬುದೇ ಇರಲಿಲ್ಲ. ಸೃಷ್ಟಿ, ಸ್ಥಿತಿ, ಲಯಗಳನ್ನು ಮೂವರಿಗೆ ಹಂಚಿಕೊಡುವ ತ್ರಿಮೂರ್ತಿಗಳ ಕಲ್ಪನೆಯೊಂದಿಗೆ ಇದನ್ನು ಕಲಸಬಾರದು. ಇಲ್ಲಿ ಮೂವರ ಕ್ರಿಯೆಯೂ ಒಂದೇ.

ಒಂದೇ ಆಗಿದ್ದೂ ಬೇರೆ ಬೇರೆಯಾಗಿ ಹೇಳಬಹುದಾದ ವಸ್ತು ನಮ್ಮ ಸೀಮೆಗೆ ಹೊಸದಲ್ಲ. ಇದು ದಾಸರ ನೆಲ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರ ಊರು. ಅವರ ಶಿಷ್ಯರಾದ ಜಗನ್ನಾಥದಾಸರು ಮಾನ್ವಿಯವರು. ಮಾಧ್ವ ಸಿದ್ಧಾಂತವನ್ನು ‘ಹರಿಕಥಾಮೃತಸಾರ’ದಲ್ಲಿ ಭಾಮಿನಿ ಷಟ್ಪದಿಗೆ ಇಳಿಸಿದವರು. ಆ ಸಿದ್ಧಾಂತದಲ್ಲಿ ಹರಿಯ ಗುಣಗಳು ಹರಿಯಿಂದ ಬೇರೆಯಲ್ಲ, ಮೂಲರೂಪಕ್ಕೂ ಅವತಾರಕ್ಕೂ ಭೇದವಿಲ್ಲ. ಆದರೂ ಬೇರೆ ಬೇರೆಯಾಗಿ ಹೇಳಲು ಆಗುತ್ತದೆ. ಅದಕ್ಕೆ ಆಧಾರವಾಗಿ ಮಧ್ವಮತ ‘ವಿಶೇಷ’ ಎಂಬ ತತ್ತ್ವವನ್ನು ಒಪ್ಪಿದೆ. ಇದನ್ನು ಬಲ್ಲ ಓದುಗರಿಗೆ ತ್ರಿತ್ವ ಬರೀ ಲೆಕ್ಕದ ತಪ್ಪಾಗಿ ಕಾಣಲಾರದು.

ಹೋಲಿಕೆಗೆ ಮಿತಿಯೂ ಇದೆ. ಮಾಧ್ವರಲ್ಲಿ ಹರಿ ಸರ್ವೋತ್ತಮ, ಬ್ರಹ್ಮ ರುದ್ರಾದಿಗಳು ತಾರತಮ್ಯದಲ್ಲಿ ಅವನ ಕೆಳಗೆ. ತ್ರಿತ್ವದಲ್ಲಿ ಮೂವರ ನಡುವೆ ತಾರತಮ್ಯವೇ ಇಲ್ಲ. ಹರಿಯ ಗುಣಗಳು ಒಂದನ್ನೊಂದು ಪ್ರೀತಿಸುವುದಿಲ್ಲ. ತ್ರಿತ್ವದಲ್ಲಾದರೋ ತಂದೆ ಮಗನನ್ನು ಪ್ರೀತಿಸುತ್ತಾನೆ, ಮಗ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ‘ತ್ರಿತ್ವವನ್ನು ಕುರಿತು’ ಎಂಬ ಹದಿನೈದು ಭಾಗಗಳ ಗ್ರಂಥದಲ್ಲಿ ಸಂತ ಅಗಸ್ಟೀನ್ ಹಿಡಿದ ಎಳೆಯೂ ಇದೇ: ಪ್ರೀತಿಸುವವನು, ಪ್ರೀತಿಗೆ ಪಾತ್ರನಾದವನು, ಪ್ರೀತಿ.

ಸಿದ್ಧಾಂತದ ತಿರುಳು ಇಲ್ಲಿದೆ. ಪ್ರೀತಿಸಲು ಇನ್ನೊಬ್ಬರು ಬೇಕು. ಲೋಕ ಹುಟ್ಟುವ ಮುಂಚೆ ದೇವರು ಒಂಟಿಯಾಗಿದ್ದರೆ, ಪ್ರೀತಿಸಲು ಅವನು ಲೋಕದ ಸೃಷ್ಟಿ ಆಗುವವರೆಗೆ ಕಾಯಬೇಕಿತ್ತು. ತ್ರಿತ್ವದ ಪ್ರಕಾರ ಪ್ರೀತಿ ದೇವರು ಆಮೇಲೆ ಕಲಿತ ಕೆಲಸವಲ್ಲ, ಅವನ ಅನಾದಿ ಬದುಕೇ ಪ್ರೀತಿ. ಲೋಕವನ್ನು ಅವನು ಕೊರತೆ ನೀಗಿಸಿಕೊಳ್ಳಲು ಸೃಷ್ಟಿಸಲಿಲ್ಲ, ತುಂಬಿದ್ದರಿಂದ ಸೃಷ್ಟಿಸಿದ.

ಇಸ್ಲಾಂ ಈ ಸಿದ್ಧಾಂತವನ್ನು ಒಪ್ಪುವುದಿಲ್ಲ, ಮಾಧ್ವರೂ ಒಪ್ಪಬೇಕಿಲ್ಲ. ಆದರೆ ಒಂದೇ ಊರಲ್ಲಿ ಬಾಳುವವರು ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ಅದು ಇರುವಂತೆ ತಿಳಿಯಬೇಕು. ಕ್ರೈಸ್ತರು ಮೂರು ದೇವರನ್ನು ಪೂಜಿಸುತ್ತಾರೆ ಎನ್ನುವುದು ತಪ್ಪು ತಿಳಿವಳಿಕೆ. ಅದನ್ನು ಬಿಟ್ಟು ಚರ್ಚೆಗೆ ಕೂತರೆ ಮಾತು ಮುಂದೆ ಸಾಗುತ್ತದೆ.