ಗರ್ಭದಲ್ಲಿರುವ ಮಗುವಿನ ಪಾಲು



ಗರ್ಭಿಣಿ ಪತ್ನಿಯನ್ನು ಅಗಲಿ ಒಬ್ಬಾತ ತೀರಿಕೊಂಡರೆ ಅವನ ಆಸ್ತಿಯನ್ನು ಹೇಗೆ ಹಂಚಬೇಕು? ಹೊಟ್ಟೆಯಲ್ಲಿರುವ ಮಗುವಿನ ಪಾಲನ್ನು ತೆಗೆದಿರಿಸಬೇಕೆಂದು ಫಿಕ್‌ಹ್ ವಿದ್ವಾಂಸರು ಹೇಳುತ್ತಾರೆ. ಅದು ಗಂಡೋ ಹೆಣ್ಣೋ ತಿಳಿಯದು, ಒಂದೋ ಎರಡೋ ತಿಳಿಯದು. ಆದರೂ ಜೀವಂತವಾಗಿ ಹುಟ್ಟಿದರೆ ಅದು ವಾರಸುದಾರ. ಇದನ್ನು ನಾವೆಲ್ಲ ಒಪ್ಪುತ್ತೇವೆ. ಆದರೆ ಅದೇ ಮಗುವಿಗೆ ಅಡುಗೆಮನೆಯ ಪಾತ್ರೆಯಲ್ಲಿರುವ ಪಾಲನ್ನು ತೆಗೆದಿರಿಸುತ್ತೇವೆಯೇ?

ಹೀಗೆ ಕೇಳಲು ಕಾರಣವಿದೆ. ಆರ್.ಟಿ. ನಗರದಲ್ಲಾಗಲಿ ಯಶವಂತಪುರದಲ್ಲಾಗಲಿ, ಜುಮಾ ನಮಾಝ್ ಮುಗಿಸಿ ಮೆಟ್ಟಿಲಿಳಿಯುವಾಗ ಕಿವಿಗೆ ಬೀಳುವ ಮಾತುಗಳನ್ನು ಗಮನಿಸಿ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಬಿ.ಪಿ., ಐವತ್ತು ತುಂಬದ ಮತ್ತೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆ. ಎಣ್ಣೆ, ಬಿರಿಯಾನಿ, ಸಿಗರೇಟು, ನಡಿಗೆಯಿಲ್ಲದ ಬದುಕು ಎಂದು ಕಾರಣ ಹೇಳುತ್ತೇವೆ. ಅವು ನಿಜವಾದ ಕಾರಣಗಳೇ. ಆದರೆ ಈ ರೋಗಗಳ ಬೇರು ಕೆಲವೊಮ್ಮೆ ಅದಕ್ಕಿಂತಲೂ ಬಹಳ ಹಿಂದೆ ಇರುತ್ತದೆ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1934ರಿಂದಲೇ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ದಾಖಲೆಯಲ್ಲಿ ಬರೆದಿಡುತ್ತಿದ್ದರು. ಅದು ಮುಂದೆ ಏನು ಕೆಲಸಕ್ಕೆ ಬಂದೀತೆಂದು ಬರೆದವರಿಗೂ ತಿಳಿದಿರಲಿಕ್ಕಿಲ್ಲ! 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಅದೇ ಸುತ್ತಮುತ್ತ ವಾಸವಾಗಿದ್ದ 517 ಸ್ತ್ರೀಪುರುಷರನ್ನು ಡಾ. ಕ್ಯಾರೊಲಿನ್ ಫಾಲ್ ಮತ್ತವರ ಸಂಗಡಿಗರು ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರ ಪೈಕಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೋ ಅಥವಾ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ 3 ಮಾತ್ರ. ಮಗುವಿನ ತೂಕವೂ ಕಡಿಮೆ, ಗರ್ಭಿಣಿಯಾಗಿದ್ದಾಗ ತಾಯಿಯ ತೂಕವೂ 45 ಕಿಲೋಕ್ಕಿಂತ ಕಡಿಮೆ ಎಂಬಂಥವರಲ್ಲಿ ಆ ಸಂಖ್ಯೆ 20ಕ್ಕೆ ಏರಿತ್ತು.

ಇದು ಹೇಗೆ? ಗರ್ಭದಲ್ಲಿ ಆಹಾರ ಸಾಲದಾದಾಗ ಮಗುವಿನ ದೇಹ ಬಡವನ ಸಂಸಾರದಂತೆ ಮಿತವ್ಯಯಕ್ಕಿಳಿಯುತ್ತದೆ. ಮೊದಲು ಮೆದುಳನ್ನು ಉಳಿಸಿಕೊಳ್ಳುತ್ತದೆ. ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ರಕ್ತನಾಳಗಳಿಗೆ ಸಿಗುವುದು ಉಳಿದದ್ದು. ಹೀಗೆ ಕಟ್ಟಿದ ದೇಹ ಮುಂದೆಯೂ ಕೊರತೆಯಲ್ಲೇ ಬದುಕಿದರೆ ಹೇಗೋ ಸಾಗುತ್ತದೆ. ಆದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಬರದ ಹಳ್ಳಿಯಲ್ಲಿ ಹುಟ್ಟಿ, ಯಲಹಂಕಕ್ಕೋ ಹೆಬ್ಬಾಳಕ್ಕೋ ಬಂದು, ಕುಳಿತು ಮಾಡುವ ಕೆಲಸ ಹಿಡಿದು, ಮೂರು ಹೊತ್ತು ಹೊಟ್ಟೆ ತುಂಬ ಉಣ್ಣತೊಡಗಿದಾಗ ಆ ಭಾರವನ್ನು ಹೊರಲು ಅದಕ್ಕೆ ಕಷ್ಟವಾಗುತ್ತದೆ. ಇದು ತಪ್ಪಿಸಲಾಗದ ವಿಧಿಯೆಂದು ತಿಳಿಯಬೇಡಿ. ಕಡಿಮೆ ತೂಕದಲ್ಲಿ ಹುಟ್ಟಿದ ಹೆಚ್ಚಿನವರಿಗೆ ಹೃದ್ರೋಗವಿರಲಿಲ್ಲ ಎಂಬುದನ್ನೂ ಅದೇ ಲೆಕ್ಕ ಹೇಳುತ್ತದೆ. ತಾಯಿಯನ್ನು ದೂರಲೂ ಬೇಡಿ. ಅವಳ ತಟ್ಟೆಗೆ ಬಡಿಸಬೇಕಾಗಿದ್ದವರು ಯಾರು ಎಂದು ಕೇಳಿ.

ಪವಿತ್ರ ಕುರ್‌ಆನ್ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟಿದೆ. ಹಾಲೂಡಿಸುವ ತಾಯಿಯ ಅನ್ನ ಬಟ್ಟೆಯ ಹೊಣೆ ತಂದೆಯದೆಂದು ಅಲ್ ಬಕರ ಅಧ್ಯಾಯದ 233ನೇ ಸೂಕ್ತ ವಿಧಿಸುತ್ತದೆ. ಅತ್ತಲಾಕ್ ಅಧ್ಯಾಯದ 6ನೇ ಸೂಕ್ತ ಇನ್ನೂ ಮುಂದೆ ಹೋಗುತ್ತದೆ. ತಲಾಕ್ ಹೊಂದಿದ ಸ್ತ್ರೀ ಗರ್ಭಿಣಿಯಾಗಿದ್ದರೆ ಹೆರಿಗೆಯಾಗುವ ತನಕ ಅವಳ ಖರ್ಚನ್ನು ಕೊಡಬೇಕು. ಸಂಬಂಧ ಕಡಿದುಹೋದ ಮೇಲೂ ಇಷ್ಟಿದ್ದರೆ, ಮನೆಯಲ್ಲೇ ಬಾಳುತ್ತಿರುವ ಸೊಸೆಯ ಹಕ್ಕು ಎಷ್ಟಿರಬೇಡ?

ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದೇನು? ಮೊದಲು ಗಂಡಸರ ದಸ್ತರಖಾನ್, ಆಮೇಲೆ ಮಕ್ಕಳದ್ದು, ಆಮೇಲೆ ಅತ್ತೆಯದು. ಸೊಸೆ ಕುಳಿತುಕೊಳ್ಳುವಾಗ ಸಾರಿನಲ್ಲಿ ಮಾಂಸ ಉಳಿದಿರುವುದಿಲ್ಲ. ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂಬ ಹೆದರಿಕೆ ಬೇರೆ. ಏಳನೆಯ ತಿಂಗಳ ಶಾಸ್ತ್ರಕ್ಕೆ ಸಾಲ ಮಾಡಿ ನೂರು ಜನರಿಗೆ ಊಟ ಹಾಕುತ್ತೇವೆ. ಆ ಹಣ ಅವಳಿಗೆ ಎಷ್ಟು ತಿಂಗಳ ಹಾಲು ಮೊಟ್ಟೆಗೆ ಆಗುತ್ತಿತ್ತೆಂದು ಯಾರೂ ಲೆಕ್ಕ ಹಾಕುವುದಿಲ್ಲ.

ರಮಝಾನ್‌ನಲ್ಲಿ ಇನ್ನೊಂದು ಸಂಕಟ. ಗರ್ಭಿಣಿಗೂ ಹಾಲೂಡಿಸುವವಳಿಗೂ ಉಪವಾಸದಲ್ಲಿ ಅಲ್ಲಾಹನು ರಿಯಾಯಿತಿ ನೀಡಿರುವನೆಂದು ಪ್ರವಾದಿ(ಸ)ರು ತಿಳಿಸಿರುವ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಆದರೂ "ನಮ್ಮ ಕಾಲದಲ್ಲಿ ನಾವು ಹಿಡಿಯಲಿಲ್ಲವೇ?" ಎಂಬ ಒಂದು ಮಾತಿಗೆ ಅಂಜಿ ತಲೆಸುತ್ತಿದರೂ ಉಪವಾಸ ಬಿಡದವರಿದ್ದಾರೆ. ಅಲ್ಲಾಹನು ಕೊಟ್ಟ ಸಡಿಲಿಕೆಯನ್ನು ಕಸಿದುಕೊಳ್ಳಲು ಅತ್ತೆಗಾಗಲಿ ನಾದಿನಿಗಾಗಲಿ ಅಧಿಕಾರವಿಲ್ಲ. ವೈದ್ಯರನ್ನು ಕೇಳಲಿ. ಬಿಟ್ಟುಹೋದ ಉಪವಾಸಗಳ ವಿಚಾರವನ್ನು ಉಲಮಾಗಳಲ್ಲಿ ಕೇಳಲಿ.

ಹಝ್ರತ್ ಉಮರ್(ರ)ರ ಕಾಲದ ಒಂದು ಘಟನೆಯನ್ನು ಇಬ್ನು ಸಅದ್ ದಾಖಲಿಸಿದ್ದಾರೆ. ಮದೀನಾದ ಹೊರಗೆ ವರ್ತಕರ ತಂಡವೊಂದು ತಂಗಿತ್ತು. ರಾತ್ರಿ ಕಾವಲಿಗೆ ಹೋದ ಖಲೀಫರಿಗೆ ಮಗುವೊಂದರ ಅಳು ಕೇಳಿಸಿತು. ಎರಡು ಬಾರಿ ತಾಯಿಗೆ ಹೇಳಿ ಬಂದರೂ ಅಳು ನಿಲ್ಲಲಿಲ್ಲ. ಮೂರನೆಯ ಬಾರಿ ಕೇಳಿದಾಗ, ಮಗುವಿಗೆ ಹಾಲು ಬಿಡಿಸುತ್ತಿದ್ದೇನೆ, ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರಲ್ಲ ಎಂದಳು. ಎದುರಿಗಿರುವವರು ಯಾರೆಂದು ಅವಳಿಗೆ ತಿಳಿದಿರಲಿಲ್ಲ. ಅಂದಿನ ಫಜ್ರ್ ನಮಾಝಿನಲ್ಲಿ ಖಲೀಫರ ಅಳುವಿನಿಂದಾಗಿ ಅವರ ಪಾರಾಯಣ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ಆಮೇಲೆ, ಮುಸ್ಲಿಮರ ಪ್ರತಿಯೊಂದು ಮಗುವಿಗೂ ಹುಟ್ಟಿದಂದಿನಿಂದಲೇ ಭತ್ಯೆ ಎಂದು ಸಾರಿಸಿದರು. ಒಂದು ಕಾನೂನು ಮಗುವಿನ ಬಾಯಿಯ ಹಾಲನ್ನು ಕಸಿಯುತ್ತಿದೆಯೆಂದು ಕಂಡಾಗ ಅವರು ತಾಯಿಯನ್ನು ಗದರಿಸಲಿಲ್ಲ, ಕಾನೂನನ್ನೇ ಬದಲಿಸಿದರು.

ನಮ್ಮಲ್ಲೂ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವವರಿದ್ದಾರೆ. ತಹ್ನೀಕ್ ಮಾಡಿದ್ದೇವಲ್ಲ ಎನ್ನುತ್ತಾರೆ. ಅಗಿದ ಖರ್ಜೂರವನ್ನು ಮಗುವಿನ ಅಂಗಳಕ್ಕೆ ಸವರುವುದು ತಹ್ನೀಕ್. ಅದು ತಾಯಿಯ ಹಾಲಿಗೆ ಬದಲಿ ಅಲ್ಲ.

ಹಾಗೆಂದು ಗರ್ಭಿಣಿಗೆ ತುಪ್ಪ, ಸಿಹಿ ತುರುಕುವುದೂ ಪರಿಹಾರವಲ್ಲ. ಅದೇ ಮೈಸೂರಿನಲ್ಲಿ ಸಕ್ಕರೆ ಕಾಯಿಲೆಯನ್ನು ಪರೀಕ್ಷಿಸಿದಾಗ, ಹುಟ್ಟುವಾಗ ಗಿಡ್ಡವಾಗಿ ದಪ್ಪಗಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರಿಗೆ ಹುಟ್ಟಿದವರಲ್ಲಿ ಅದು ಹೆಚ್ಚು ಕಂಡುಬಂತು. ಗರ್ಭಾವಸ್ಥೆಯಲ್ಲಿ ತಾಯಿಗೆ ಬರುವ ಸಕ್ಕರೆ ಕಾಯಿಲೆಯೂ ಮಗುವಿನ ಮೇಲೆ ಗುರುತು ಬಿಡುತ್ತದೆ. ಕಾಳು, ಸೊಪ್ಪು, ಮೊಟ್ಟೆ, ಹಾಲು, ರಾಗಿ ಸಾಕು. 2017ರಿಂದ 'ಮಾತೃಪೂರ್ಣ' ಯೋಜನೆಯಲ್ಲಿ ಅಂಗನವಾಡಿಗಳಲ್ಲಿ ಬಿಸಿಯೂಟ ಕೊಡಲಾರಂಭಿಸಿದರು. ಅಲ್ಲಿ ಹೆಸರು ಬರೆಸುವುದರಲ್ಲಿ ಅವಮಾನವೇನೂ ಇಲ್ಲ. ತಿಂಗಳು ತುಂಬುವ ತನಕ ಕಾಯದೆ ತಾಯಿ ಕಾರ್ಡ್ ಮಾಡಿಸಿ, ರಕ್ತ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿ. ಆ ದಿನ ಅವಳನ್ನು ಒಬ್ಬಳೇ ಬಸ್ಸು ಹತ್ತಿಸಬೇಡಿ, ಗಂಡನೂ ಜೊತೆಗೆ ಹೋಗಲಿ. ವೈದ್ಯರು ಊಟದ ಬಗ್ಗೆ ಹೇಳುವುದನ್ನು, ಸಂತೆಯಿಂದ ಸಾಮಾನು ತರುವ ಅವನೇ ಕೇಳಿಸಿಕೊಳ್ಳಲಿ.