ಕಾಲುವೆಯ ತಲೆ, ಕಾಲುವೆಯ ಬಾಲ

ತುಂಗಭದ್ರಾ ಎಡದಂಡೆ ಕಾಲುವೆಯನ್ನು ರೂಪಿಸಿದವರ ಲೆಕ್ಕದಲ್ಲಿ ಭತ್ತಕ್ಕೆ ಸಿಕ್ಕಿದ್ದು ಸಣ್ಣ ಜಾಗ ಎಂದರೆ, ಗಂಗಾವತಿಯ ಗದ್ದೆಗಳ ನಡುವೆ ನಿಂತವರು ನಂಬುವುದು ಕಷ್ಟ. ಹೈದರಾಬಾದ್ ಸಂಸ್ಥಾನವೂ ಮದ್ರಾಸ್ ಪ್ರಾಂತ್ಯವೂ ಸೇರಿ 1945ರಲ್ಲಿ ಕೆಲಸ ಆರಂಭಿಸಿದ ಅಣೆಕಟ್ಟು 1953ರಲ್ಲಿ ಮುಗಿಯಿತು. ಅದರ ಎಡದಂಡೆ ಇರುವುದು ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿ. ಯೋಜನೆಯ ಹಿಂದಿದ್ದದ್ದು ಬರಗಾಲದ ನೆನಪು. ಇರುವ ನೀರನ್ನು ಆದಷ್ಟು ಹೆಚ್ಚು ಹೊಲಗಳಿಗೆ ತೆಳುವಾಗಿ ಹರಡಬೇಕು, ಜೋಳ, ಶೇಂಗಾ, ಹತ್ತಿ ಒಣಗದಂತೆ ಕಾಯಬೇಕು ಎಂಬುದು ಉದ್ದೇಶ. ಯಾವ ಹೊಲಕ್ಕೆ ಯಾವ ಬೆಳೆ ಎಂಬುದನ್ನೂ ಕಾಗದದ ಮೇಲೆ ಗೊತ್ತುಮಾಡಿದ್ದರು.

ನೆಲದ ಮೇಲೆ ಆದದ್ದು ಬೇರೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೇರೂರಿತು. ಆಂಧ್ರದ ಕರಾವಳಿಯಿಂದ ಬಂದ ರೈತರು ಭೂಮಿ ಕೊಂಡರು, ಸಮತಟ್ಟು ಮಾಡಿ ಮಡಿ ಕಟ್ಟಿದರು, ಇಂದಿಗೂ 'ಕ್ಯಾಂಪ್' ಎಂದೇ ಕರೆಸಿಕೊಳ್ಳುವ ಊರುಗಳನ್ನು ಎಬ್ಬಿಸಿದರು. ಕೈಯಲ್ಲಿ ದುಡ್ಡಿದ್ದ ಸ್ಥಳೀಯರೂ ಅದೇ ದಾರಿ ಹಿಡಿದರು. ಗಂಗಾವತಿ ಭತ್ತದ ಕಣಜವಾಯಿತು. ಕೊನೆಭಾಗದ ಮಾನ್ವಿ, ರಾಯಚೂರು ಕಡೆಯವರಿಗೆ ನೀರಿಗಾಗಿ ಕಾಯುವುದು, ಬರದಿದ್ದರೆ ರಸ್ತೆಗಿಳಿಯುವುದು ರೂಢಿಯಾಯಿತು. ಅಚ್ಚುಕಟ್ಟಿನಿಂದ ಬಹುಪಾಲು ಹೊರಗೇ ಉಳಿದ ಕುಷ್ಟಗಿ, ಯಲಬುರ್ಗಾಗಳಿಗೆ ಆ ಕಾಯುವ ಭಾಗ್ಯವೂ ಇಲ್ಲ. ಅಲ್ಲಿ ಮುಗಿಲು ನೋಡಬೇಕು, ಮುಗಿಲು ಕೈಕೊಟ್ಟರೆ ಗುಳೆ ಹೋಗಬೇಕು.

ಈಗ ಒಂದು ಪ್ರಶ್ನೆ. ಕಾಲುವೆಗೆ ನೀರು ಬಿಟ್ಟಾಗ ಮೇಲ್ಭಾಗದ ಹಳ್ಳಿಗಳಲ್ಲಿ ಯಾವ ರೈತನನ್ನೂ ಭತ್ತ ಬೆಳೆಯಬೇಡ ಎಂದು ಯಾರೂ ತಡೆಯಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿತ್ತು. ಆದರೂ ಕೆಲವರು ಒಳಗೆ ಹೋದರು, ಕೆಲವರು ಇದ್ದ ಹೊಲವನ್ನೂ ಮಾರಿ ಹೊರನಡೆದರು. ಇದರಲ್ಲಿ ಅನ್ಯಾಯವೇನಾದರೂ ನಡೆಯಿತೇ? ಇಲ್ಲ ಎನ್ನುವವರದು 'ಸಮಾನ ಅವಕಾಶ'ದ ಪಕ್ಷ. ನಡೆಯಿತು ಎನ್ನುವವರದು 'ಸಮತೆ'ಯ ಪಕ್ಷ. ಸರ್ಕಾರದ ನೀತಿಗಳ ಬಗ್ಗೆ ನಾವು ಮಾಡುವ ಜಗಳಗಳಲ್ಲಿ ಬಹಳಷ್ಟು ಈ ಎರಡು ಪಕ್ಷಗಳ ನಡುವಿನವು.

ಸಮಾನ ಅವಕಾಶದ ಪಕ್ಷ ಹೇಳುವುದು ಸರಳ: ನಿಯಮ ಎಲ್ಲರಿಗೂ ಒಂದೇ ಇರಲಿ, ಜಾತಿ, ಊರು, ಮನೆತನ ನೋಡುವುದು ಬೇಡ, ಗೆದ್ದವರು ಗೆಲ್ಲಲಿ. ಸಮತೆಯ ಪಕ್ಷ ಇನ್ನೂ ಒಂದು ಮಾತು ಸೇರಿಸುತ್ತದೆ: ನಿಂತ ಜಾಗ ಬೇರೆಬೇರೆ ಇರುವಾಗ ಒಂದೇ ನಿಯಮದಿಂದ ಒಂದೇ ನ್ಯಾಯ ಸಿಗುವುದಿಲ್ಲ, ಆದ್ದರಿಂದ ಹೆಚ್ಚುಕಡಿಮೆ ಅರಿತು ಕೊಡಬೇಕು. ಕನ್ನಡದಲ್ಲಿ ಈ ಅರಿವಿಗೆ ಹಳೆಯ ಪದವೊಂದಿದೆ, 'ತಾರತಮ್ಯ'. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತರತಮ ತಿಳಿಯುವುದು ಅದರ ಮೂಲಾರ್ಥ. ಇಂದು ಅದೇ ಪದವನ್ನು ಭೇದಭಾವ ಎಂಬ ಬೈಗುಳದ ಅರ್ಥದಲ್ಲಿ ಬಳಸುತ್ತೇವೆ. ಒಬ್ಬರಿಗೆ ವಿವೇಕವಾಗಿ ಕಂಡದ್ದು ಇನ್ನೊಬ್ಬರಿಗೆ ಪಕ್ಷಪಾತವಾಗಿ ಕಾಣುವ ಈ ಇಡೀ ಚರ್ಚೆ ಒಂದೇ ಪದದೊಳಗೆ ಮಡಚಿ ಕೂತಿದೆ.

ಸಮಾನರನ್ನು ಸಮಾನವಾಗಿಯೂ ಅಸಮಾನರನ್ನು ಅವರ ಅಂತರಕ್ಕೆ ತಕ್ಕಂತೆಯೂ ಕಾಣುವುದೇ ನ್ಯಾಯ ಎಂದು ಅರಿಸ್ಟಾಟಲ್ ಬಹಳ ಹಿಂದೆಯೇ ಹೇಳಿದ್ದ. ಆದರೆ ಯಾವ ಅಂತರ ಲೆಕ್ಕಕ್ಕೆ ಬರಬೇಕು? ಬ್ರಿಟಿಷ್ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1962ರಲ್ಲಿ ಇದಕ್ಕೊಂದು ಕಲ್ಪಿತ ಕಥೆ ಕಟ್ಟಿದರು. ಒಂದು ನಾಡಿನಲ್ಲಿ ಯೋಧರಿಗೆ ಭಾರಿ ಗೌರವ, ಆದರೆ ಸಿರಿವಂತರ ಮಕ್ಕಳಿಗೆ ಮಾತ್ರ ಆ ಪದವಿ. ಸುಧಾರಕರು ಬಂದು, ಇನ್ನು ಮುಂದೆ ದೇಹಬಲದ ಪರೀಕ್ಷೆಯಲ್ಲಿ ಗೆದ್ದ ಯಾರಾದರೂ ಯೋಧರಾಗಬಹುದು ಎಂದರು. ಪರೀಕ್ಷೆ ನಡೆಯಿತು, ಗೆದ್ದವರು ಮತ್ತೆ ಸಿರಿವಂತರ ಮಕ್ಕಳೇ. ಉಳಿದವರಿಗೆ ಹೊಟ್ಟೆತುಂಬ ಊಟವೇ ಇರಲಿಲ್ಲ. ಅಲ್ಲಿ ಅವಕಾಶ ಸಮಾನವಾಯಿತು ಎನ್ನಬಹುದೇ?

ಈ ಕಥೆಯನ್ನು ನಮ್ಮ ಸೀಮೆಗೆ ತಂದು ನೋಡಿ. ಸರ್ಕಾರಿ ನೌಕರಿಗೆ ಅರ್ಜಿ ಕರೆದಿದ್ದಾರೆ. ಪಠ್ಯ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಪೇಟೆಯಲ್ಲಿ ಬೆಳೆದು ಕೋಚಿಂಗ್ ಪಡೆದ ಹುಡುಗಿಯೊಬ್ಬಳು ಬರೆಯುತ್ತಾಳೆ. ಬಾಲ್ಯದಲ್ಲಿ ಅಪ್ಪ ಅವ್ವನ ಜೊತೆ ವರ್ಷಕ್ಕೆ ನಾಲ್ಕು ತಿಂಗಳು ಗುಳೆ ಹೋಗಿ, ಬಿಟ್ಟುಹೋದ ಪಾಠ ಎಂದೂ ಕೂಡಿಬರದ ಹುಡುಗಿಯೊಬ್ಬಳೂ ಬರೆಯುತ್ತಾಳೆ. ಪರೀಕ್ಷೆಯ ದಿನದಿಂದ ಎಣಿಸಿದರೆ ಇಬ್ಬರೂ ಸಮಾನರು. ಒಂದನೇ ತರಗತಿಯಿಂದ ಎಣಿಸಿದರೆ ಅಲ್ಲ. ಎಲ್ಲಿಂದ ಎಣಿಸಬೇಕು ಎಂಬುದೇ ವಿವಾದದ ತಿರುಳು.

ಅಮೆರಿಕದ ಜಾನ್ ರಾಲ್ಸ್ 1971ರ ತಮ್ಮ ನ್ಯಾಯ ಸಿದ್ಧಾಂತದ ಗ್ರಂಥದಲ್ಲಿ ಎಣಿಕೆಯನ್ನು ಹುಟ್ಟಿನಿಂದಲೇ ಶುರುಮಾಡಿದರು. ನೀವು ಯಾರ ಮನೆಯಲ್ಲಿ ಹುಟ್ಟುತ್ತೀರಿ ಎಂದು ತಿಳಿಯದ ಪರದೆಯ ಹಿಂದೆ ನಿಂತು ಸಮಾಜದ ನಿಯಮ ಬರೆಯಿರಿ ಎಂದರು. ಕಾಲುವೆಯ ತಲೆಯಲ್ಲೋ ಬಾಲದಲ್ಲೋ, ನೀರೇ ಮುಟ್ಟದ ಮಸಾರಿ ಹೊಲದಲ್ಲೋ, ಎಲ್ಲಿ ಹುಟ್ಟುತ್ತೇವೆ ಎಂದು ಗೊತ್ತಿರದವರು ನೀರಿನ ಹಂಚಿಕೆಯನ್ನು ಹೇಗೆ ಬರೆದಾರು? ಅಂತರ ಇದ್ದರೂ ಇರಲಿ, ಆದರೆ ಎಲ್ಲರಿಗಿಂತ ಕೆಳಗಿರುವವರಿಗೆ ಅದರಿಂದ ಲಾಭವಾಗಲಿ ಎಂದು ಬರೆಯುತ್ತಾರೆ ಎಂಬುದು ರಾಲ್ಸ್ ಕೊಟ್ಟ ಉತ್ತರ. ಅಮರ್ತ್ಯ ಸೇನ್ 1979ರ ಉಪನ್ಯಾಸದಲ್ಲಿ ಇನ್ನೂ ಮೂಲದ ಪ್ರಶ್ನೆ ಎತ್ತಿದರು: ಸಮಾನತೆ ಸರಿ, ಆದರೆ ಯಾವುದರ ಸಮಾನತೆ? ಒಂದೇ ಸಾಧನ ಇಬ್ಬರ ಕೈಯಲ್ಲಿ ಒಂದೇ ಫಲ ಕೊಡುವುದಿಲ್ಲ. ನೆಲ ಸಮತಟ್ಟು ಮಾಡಿಸಲು ದುಡ್ಡಿಲ್ಲದವನ ಹೊಲಕ್ಕೆ ಬಂದ ಕಾಲುವೆ ನೀರು ಹೊರೆಯೂ ಆಗಬಹುದು. ಆದ್ದರಿಂದ ಅಳೆಯಬೇಕಾದ್ದು ಆ ಸಾಧನದಿಂದ ಮನುಷ್ಯ ಏನು ಮಾಡಬಲ್ಲ, ಏನಾಗಬಲ್ಲ ಎಂಬ ಸಾಮರ್ಥ್ಯವನ್ನು.

ಎದುರು ಪಕ್ಷದ ವಾದವೂ ಹಗುರವಲ್ಲ. ರಾಬರ್ಟ್ ನೋಜಿಕ್ 1974ರಲ್ಲಿ ರಾಲ್ಸ್‌ಗೆ ಉತ್ತರ ಕೊಟ್ಟರು. ಯಾರ ಬಳಿ ಎಷ್ಟಿದೆ ಎಂದು ನೋಡಿ ನ್ಯಾಯ ತೀರ್ಮಾನಿಸಬೇಡಿ, ಅದು ಹೇಗೆ ಬಂತು ಎಂದು ಕೇಳಿ ಎಂದರು. ಕ್ಯಾಂಪಿನ ರೈತನ ಬಾಯಲ್ಲಿ ಇದು ಹೀಗೆ ಬಂದೀತು: 'ಬೆಲೆ ಕೊಟ್ಟು ಕೊಂಡೆ, ಜಾಲಿ ಕಡಿದೆ, ಬದು ಹಾಕಿದೆ. ಯಾರದನ್ನೂ ಕಸಿದಿಲ್ಲ. ಈಗ ನನ್ನ ನೀರು ಕಡಿಮೆ ಮಾಡಿದರೆ ಅದು ನ್ಯಾಯವೇ?' ದುಡಿಮೆಗೆ ಬೆಲೆ ಇಲ್ಲದಲ್ಲಿ ದುಡಿಯುವವರು ಯಾರು ಎಂಬ ಪ್ರಶ್ನೆಯೂ ಇದರ ಬೆನ್ನಿಗಿದೆ.

ಕರ್ನಾಟಕಕ್ಕೆ ಈ ಜಗಳ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ತಕ್ಕ ಪಾಲು ಸಿಗುವ ಬಗೆ ಹುಡುಕಲು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ದಿವಾನ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಶಿಕ್ಷಣ ಹರಡಲಿ, ಆಯ್ಕೆ ಮಾತ್ರ ಅರ್ಹತೆಯ ಮೇಲೇ ಆಗಲಿ ಎಂಬುದು ಅವರ ನಿಲುವು. ಅವರು ದಿವಾನಗಿರಿ ಬಿಡಲು ಈ ಭಿನ್ನಾಭಿಪ್ರಾಯವೂ ಒಂದು ಕಾರಣವಾಯಿತು. ಸ್ವತಂತ್ರ ಭಾರತದ ಸಂವಿಧಾನ ಎರಡನ್ನೂ ಒಂದೇ ವಿಧಿಯಲ್ಲಿ ಕೂರಿಸಿತು: 16(1) ಎಲ್ಲರಿಗೂ ಸಮಾನ ಅವಕಾಶ ಎಂದಿತು, 16(4) ಹಿಂದುಳಿದವರಿಗೆ ಮೀಸಲಾತಿ ಎಂದಿತು. ಎರಡನೆಯದು ಮೊದಲನೆಯದಕ್ಕೆ ಅಪವಾದವೇ ಎಂಬ ಪ್ರಶ್ನೆ ಎನ್.ಎಂ. ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಪರಿಶಿಷ್ಟ ಜಾತಿ, ಪಂಗಡಗಳ ಗುಮಾಸ್ತರಿಗೆ ಇಲಾಖಾ ಪರೀಕ್ಷೆ ಪಾಸಾಗಲು ಕೇರಳ ಸರ್ಕಾರ ಹೆಚ್ಚು ಕಾಲಾವಕಾಶ ಕೊಟ್ಟಿತ್ತು. ಅದು ಸರಿ ಎಂದು 1975ರಲ್ಲಿ ಬಹುಮತದ ತೀರ್ಪು ಬಂತು. ಅಂತರ ಅರಿತು ಕೊಡುವುದು ಸಮಾನ ಅವಕಾಶದ್ದೇ ಒಂದು ಮುಖ ಎಂಬ ತಿಳಿವಳಿಕೆ ಅಂದಿನಿಂದ ಬಲಗೊಂಡಿತು.

ಕೊಪ್ಪಳದ ಮಟ್ಟಿಗೆ ಈ ತತ್ತ್ವ ಎರಡು ರೂಪದಲ್ಲಿ ಬಂತು. ಮೊದಲನೆಯದು ಡಿ.ಎಂ. ನಂಜುಂಡಪ್ಪ ಸಮಿತಿ. 2002ರ ಅದರ ವರದಿ ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ ಮೊದಲಾದವುಗಳ 35 ಸೂಚಕಗಳಿಂದ ರಾಜ್ಯದ 175 ತಾಲ್ಲೂಕುಗಳನ್ನು ತೂಗಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡರೆ 114 ತಾಲ್ಲೂಕುಗಳು ಅದಕ್ಕಿಂತ ಕೆಳಗೆ ಬಂದವು. 0.80ಕ್ಕೂ ಕೆಳಗಿದ್ದ 39 'ಅತ್ಯಂತ ಹಿಂದುಳಿದ' ತಾಲ್ಲೂಕುಗಳಲ್ಲಿ ಕುಷ್ಟಗಿ, ಯಲಬುರ್ಗಾ ಎರಡೂ ಇದ್ದವು. ಅದೇ ಜಿಲ್ಲೆಯ ಕೊಪ್ಪಳ, ಗಂಗಾವತಿ ಆ ಪಟ್ಟಿಯಲ್ಲಿರಲಿಲ್ಲ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚಿನ ಯೋಜನೆಯನ್ನು ಸಮಿತಿ ಮುಂದಿಟ್ಟಿತು. ಹೆಚ್ಚು ಹಿಂದೆ ಬಿದ್ದವರಿಗೆ ಹೆಚ್ಚು ಪಾಲು ಎಂಬುದೇ ಅದರ ತಳಹದಿ.

ಎರಡನೆಯದು ಸಂವಿಧಾನದ 371ಜೆ ವಿಧಿ. ಹೈದರಾಬಾದ್ ರಾಜ್ಯದಿಂದ ಆಂಧ್ರಕ್ಕೆ ಸೇರಿದ ತೆಲಂಗಾಣಕ್ಕೆ 371ಡಿ ವಿಧಿಯ ರಕ್ಷಣೆ 1970ರ ದಶಕದಲ್ಲೇ ಸಿಕ್ಕಿತ್ತು. 1956ರಲ್ಲಿ ಕರ್ನಾಟಕಕ್ಕೆ ಬಂದ ಭಾಗ ಅಂಥದ್ದಕ್ಕಾಗಿ ದಶಕಗಳ ಕಾಲ ಕೂಗಬೇಕಾಯಿತು. ವೈಜನಾಥ ಪಾಟೀಲರಂಥವರ ಹೋರಾಟದ ಕೊನೆಗೆ 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ಮಾಡಿ 371ಜೆಯನ್ನು ಸೇರಿಸಿತು. 2013ರ ಆದೇಶದಂತೆ ಈ ಭಾಗದ ಸ್ಥಳೀಯ ವೃಂದದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಇಲ್ಲಿನವರಿಗೆ ಮೀಸಲು. ಇಲ್ಲಿನ ಕಾಲೇಜುಗಳ ಪ್ರವೇಶದಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8.

ತತ್ತ್ವದ ಕಣ್ಣಿಗೆ ಕುತೂಹಲ ಹುಟ್ಟಿಸುವುದು ಈ ಎರಡರ ನಡುವಿನ ವ್ಯತ್ಯಾಸ. ನಂಜುಂಡಪ್ಪನವರು ತಾಲ್ಲೂಕನ್ನು ತಕ್ಕಡಿಗೆ ಹಾಕಿದರು, 371ಜೆ ಇಡೀ ಪ್ರದೇಶವನ್ನು ಹಾಕಿತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯೂ ಅದರೊಳಗೆ ಬಂತು. 371ಜೆ ಸರ್ಟಿಫಿಕೇಟ್ ವಾಸಸ್ಥಳವನ್ನು ಕೇಳುತ್ತದೆ, ಮನೆಯ ಆದಾಯವನ್ನು ಕೇಳುವುದಿಲ್ಲ. ಗಂಗಾವತಿಯ ರೈಸ್‌ಮಿಲ್ಲಿನ ಮಾಲೀಕನ ಮಗ, ಯಲಬುರ್ಗಾ ಕಡೆಯ ಕೂಲಿಯವಳ ಮಗಳು ಇಬ್ಬರ ಕೈಯಲ್ಲೂ ಅದೇ ಕಾಗದ. ಬೆಂಗಳೂರಿನ ಎದುರು ಇಬ್ಬರಿಗೂ ಸಮತೆ ಸಿಕ್ಕಿತು. ಆದರೆ ಬೇಲಿಯೊಳಗೆ ಬಂದ ಮೇಲೆ ಅವರಿಬ್ಬರ ನಡುವೆ ಉಳಿದದ್ದು ಮತ್ತೆ ಅದೇ ಬರಿಯ ಸಮಾನ ಅವಕಾಶ, ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ. ತಾಲ್ಲೂಕು ಹಿಡಿದರೆ ಈ ಗಂಟು ಬಿಚ್ಚುತ್ತದೆಯೇ? ಯಲಬುರ್ಗಾದಲ್ಲೂ ಅನುಕೂಲಸ್ಥರಿದ್ದಾರೆ, ಗಂಗಾವತಿಯ ಗದ್ದೆಗಳಲ್ಲೂ ನಾಟಿ ಹಚ್ಚುವ ಕೂಲಿಗಳಿದ್ದಾರೆ. ಸಾಲದ್ದಕ್ಕೆ ತಾಲ್ಲೂಕಿನ ಗೆರೆಯೇ ಸರಿದಿದೆ. ಸಮಿತಿ ತೂಗಿದ ನಾಲ್ಕು ತಾಲ್ಲೂಕುಗಳು ಕನಕಗಿರಿ, ಕಾರಟಗಿ, ಕುಕನೂರು ಸೇರಿ ಈಗ ಏಳಾಗಿವೆ.

ಇದರಿಂದ ತಿಳಿಯುವುದೇನು? ಒಂದು ಮಟ್ಟದಲ್ಲಿ ಸಾಧಿಸಿದ ಸಮತೆ ಅದರ ಕೆಳಗಿನ ಮಟ್ಟದಲ್ಲಿ ಬರಿಯ ಸಮಾನ ಅವಕಾಶವಾಗಿ ಉಳಿಯುತ್ತದೆ. ಎರಡೂ ವೈರಿಗಳಂತೆ ಕಂಡರೂ ಒಂದೇ ಏಣಿಯ ಮೆಟ್ಟಿಲುಗಳು. ಹಾಗಾಗಿ ಯಾವ ಪಕ್ಷ ಎಂದು ಕೇಳುವ ಮೊದಲು ಯಾರ ಯಾರ ನಡುವೆ, ಎಲ್ಲಿಯವರೆಗೆ ಎಂದು ಕೇಳಬೇಕು. ಕೊನೆಯ ಮೆಟ್ಟಿಲಿನವರೆಗೂ ಇಳಿಯೋಣ ಎಂದರೆ ಸರ್ಕಾರ ಪ್ರತಿ ಮನೆಯ ಒಲೆಯನ್ನೂ ಇಣುಕಿ ತೂಗಬೇಕಾಗುತ್ತದೆ. ಸಮಾನ ಅವಕಾಶದ ಪಕ್ಷ ಹೆದರುವುದು ಅದಕ್ಕೆ. ಆ ಹೆದರಿಕೆಯಲ್ಲಿ ಹುರುಳಿದೆ. ಮೊದಲ ಮೆಟ್ಟಿಲಲ್ಲೇ ನಿಂತರೆ ಸಮತೆಯ ಹೆಸರಿನಲ್ಲಿ ಬಂದದ್ದು ಆ ಗುಂಪಿನ ಅನುಕೂಲಸ್ಥರಲ್ಲೇ ಇಂಗಿಹೋಗಬಹುದು. 1992ರಲ್ಲಿ ಇಂದ್ರಾ ಸಾಹ್ನಿ ತೀರ್ಪು ಹಿಂದುಳಿದ ವರ್ಗಗಳೊಳಗಿನ ಕೆನೆಪದರವನ್ನು ಹೊರಗಿಡಿ ಎಂದದ್ದು ಇದೇ ಕಾರಣಕ್ಕೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೊಮ್ಮೆ ಅಳೆಯಲು 2024ರಲ್ಲಿ ಸರ್ಕಾರ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ತಕ್ಕಡಿಯನ್ನು ಒಮ್ಮೆ ಹಿಡಿದರೆ ಸಾಲದು, ಆಗಾಗ ಹಿಡಿಯುತ್ತಿರಬೇಕು ಎಂಬುದಕ್ಕೆ ಇದೇ ಸಾಕ್ಷಿ.

ಮತ್ತೆ ಕಾಲುವೆಗೆ ಬರೋಣ. ಎಡದಂಡೆ ಕಾಲುವೆ ಕಾಗದದ ಮೇಲೆ ಸಮತೆಯ ಯೋಜನೆಯೇ ಆಗಿತ್ತು. ಕೆಲವರ ಹೊಲ ತುಂಬುವ ಬದಲು ಬಹಳ ಜನರ ಬೆಳೆ ಉಳಿಯಲಿ ಎಂಬ ತತ್ತ್ವದ ಮೇಲೆಯೇ ಅದನ್ನು ಅಗೆದದ್ದು. ಆ ತತ್ತ್ವವನ್ನು ಯಾರೂ ವಾದದಲ್ಲಿ ಸೋಲಿಸಲಿಲ್ಲ. ವರ್ಷವರ್ಷವೂ ತೂಬಿನ ಬಳಿ ನಿಂತು, ಇಷ್ಟು ನಿನಗೆ, ಉಳಿದದ್ದು ಕೆಳಗಿನವರಿಗೆ ಎಂದು ಗಟ್ಟಿಯಾಗಿ ಹೇಳುವವರು ಇಲ್ಲದೆ ಹೋದರು, ಅಷ್ಟೇ. ಹುದ್ದೆ ಮೀಸಲಾಗಿಯೂ ತುಂಬದೆ ಉಳಿದರೆ, ಗುಳೆ ಹೋದವರ ಮಗುವಿಗೆ ಊರಲ್ಲೇ ಉಳಿದು ಓದಲು ಹಾಸ್ಟೆಲು ಸಿಗದಿದ್ದರೆ 371ಜೆಯ ಗತಿಯೂ ಅದೇ ಆದೀತು. ನೀರು ತಾನಾಗಿ ಕೊನೆಭಾಗ ತಲುಪುವುದಿಲ್ಲ. ಮೇಲ್ಭಾಗದ ತೂಬನ್ನು ಹೊತ್ತುಹೊತ್ತಿಗೆ ಇಳಿಸುವ ಕೈ ಬೇಕು.