ಶೂ ಎಷ್ಟಾಯ್ತು ಸಾರ್?

"ಷೂ ನಲ್ಲಾ ಇರುಕ್ಕು ಸಾರ್. ಎವ್ಳೋ ಆಚ್ಚು?" ಎಂದು ಅವರು ಕೇಳಿದರು. ಶೂ ಚೆನ್ನಾಗಿದೆ, ಎಷ್ಟಾಯ್ತು ಅಂತ. ಎಂಟು ಸಾವಿರ ಎಂದೆ. ಸುಳ್ಳು. ನಾನು ಕೊಟ್ಟದ್ದು 21,000 ರೂಪಾಯಿ.

ಚೆನ್ನೈಯಲ್ಲಿ ನಡೆದ ಒಂದು ಸಣ್ಣ 10 ಕಿಲೋಮೀಟರ್ ಓಟ ಆಗಷ್ಟೇ ಮುಗಿದಿತ್ತು. ಐವತ್ತು ದಾಟಿದವರ ವಿಭಾಗದಲ್ಲಿ ನಾನು ಮೂರನೆಯವನು, ಅವರು ನಾಲ್ಕನೆಯವರು. ನನ್ನದು 54 ನಿಮಿಷ 12 ಸೆಕೆಂಡು, ಅವರದು 54 ನಿಮಿಷ 21 ಸೆಕೆಂಡು. ಮೂರನೆಯವನಿಗೆ 2,500 ರೂಪಾಯಿಯ ಲಕೋಟೆ. ನಾಲ್ಕನೆಯವರಿಗೆ ಎಲ್ಲರಿಗೂ ಕೊಡುವ ಉಪ್ಪಿಟ್ಟು, ಬಾಳೆಹಣ್ಣು. ಅವರು ಟಿ. ನಗರದ ಒಂದು ಜವಳಿ ಅಂಗಡಿಯಲ್ಲಿ ರಾತ್ರಿ ಪಾಳಿಯ ಸೆಕ್ಯುರಿಟಿ. ಪಾಳಿ ಮುಗಿಸಿ ನೇರವಾಗಿ ಓಟಕ್ಕೆ ಬಂದಿದ್ದರು. ಕಾಲಲ್ಲಿ ಮಗ ಹಾಕಿ ಬಿಟ್ಟ ಶೂ. ಹಿಮ್ಮಡಿಯ ಹೊರಬದಿ ಪೂರಾ ಸವೆದಿತ್ತು. ನನ್ನ ಶೂವಿನ ಬೆಲೆಗಿಂತ ಅವರ ತಿಂಗಳ ಸಂಬಳ ಕಡಿಮೆ ಇದ್ದೀತು.

ನನ್ನ ಶೂ ನಿಯಮಕ್ಕೆ ವಿರುದ್ಧವಾದದ್ದಲ್ಲ. ನನ್ನ ದುಡಿಮೆಯ ಹಣದಲ್ಲಿ ಕೊಂಡದ್ದು. ತರಬೇತಿಯನ್ನೂ ತಪ್ಪಿಸದೆ ಮಾಡಿದ್ದೆ. ಹಾಗಿದ್ದ ಮೇಲೆ ಬಾಯಿಗೆ ಸುಳ್ಳು ಯಾಕೆ ಬಂತು?

ಆ ಶೂ ಕೊಂಡದ್ದೂ ಟಿ. ನಗರದಲ್ಲೇ. ಈ ಊರಿಗೆ ಬಂದು ಹದಿನೆಂಟು ವರ್ಷವಾದರೂ ದೊಡ್ಡ ಖರೀದಿ ಎಂದರೆ ನಮ್ಮ ಮನೆಯವರ ಕಾಲು ತಾನಾಗಿ ಅತ್ತ ತಿರುಗುತ್ತದೆ. ದೀಪಾವಳಿಯ ಬಟ್ಟೆಗೆ ಇಡೀ ಚೆನ್ನೈ ಬಂದು ಸೇರುವ ಜಾಗ ಅದು. ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದು ರಂಗನಾಥನ್ ಸ್ಟ್ರೀಟ್ ಹೊಕ್ಕರೆ ನಾವು ನಡೆಯಬೇಕಾಗಿಲ್ಲ, ಜನವೇ ನಡೆಸಿಕೊಂಡು ಹೋಗುತ್ತದೆ. ಪಾಂಡಿ ಬಜಾರಿನಲ್ಲಿ 2019ರಲ್ಲಿ ಅಗಲವಾದ ಕಾಲುದಾರಿ ಮಾಡಿದ ಮೇಲೆ ಅಲ್ಲಿ ಮಾತ್ರ ಉಸಿರಾಡಿಕೊಂಡು ನಡೆಯಬಹುದು.

ಅಂಗಡಿಯ ಹುಡುಗ ಎರಡು ಜೊತೆ ತಂದು ಮುಂದಿಟ್ಟ. ಒಂದು ದಿನನಿತ್ಯದ ಓಟಕ್ಕೆ: ಒಂದೊಂದು ಶೂ ಸುಮಾರು 280 ಗ್ರಾಂ, ಗಟ್ಟಿ ಅಡಿ, ಬೆಲೆ 9,000. ಇನ್ನೊಂದು ರೇಸಿಗೆ: 200 ಗ್ರಾಂ ಆಸುಪಾಸು, ಮೆತ್ತಗೆ ಪುಟಿಯುವ ದಪ್ಪ ಅಡಿ, ಒಳಗೆ ಕಾರ್ಬನ್ ಫೈಬರಿನ ತೆಳು ಹಲಗೆ, ಬೆಲೆ 21,000. ಹುಡುಗ ಪ್ರಾಮಾಣಿಕ. "ದಿನಾ ಓಡೋದಾದರೆ ಇದೇ ಸಾಕು ಸಾರ್, ಅದು ಬೇಗ ಸವೆಯುತ್ತೆ" ಎಂದ. ಕಾಲು ಊದಿಕೊಂಡಿರುವ ಸಂಜೆ ಹೊತ್ತಿನಲ್ಲೇ ಹಾಕಿ ನೋಡಬೇಕು, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಬಿಡಬೇಕು, ಹಾಕಿದ ಕೂಡಲೇ ಹಿತ ಎನ್ನಿಸದಿದ್ದರೆ ಮುಂದೆ ಸರಿಹೋಗುತ್ತದೆಂದು ನಂಬಬಾರದು ಎಂದೂ ಹೇಳಿಕೊಟ್ಟ. ಎಲ್ಲ ಕೇಳಿಸಿಕೊಂಡೆ. ಆಮೇಲೆ ದುಬಾರಿಯದನ್ನೇ ಕೊಂಡೆ. ಹಿಂದಿನ ವರ್ಷದ ಓಟದಲ್ಲಿ 55 ನಿಮಿಷ 40 ಸೆಕೆಂಡು ತೆಗೆದುಕೊಂಡಿದ್ದೆ. 55ರ ಒಳಗೆ ಬರಬೇಕೆಂಬ ಹಟ ತಲೆಗೇರಿತ್ತು.

ಈ ಶೂಗಳು ನಿಜವಾಗಿ ಏನು ಮಾಡುತ್ತವೆ? ನೆಲಕ್ಕೆ ಕಾಲಿಟ್ಟಾಗ ಅಡಿಯ ಫೋಮ್ ಕುಗ್ಗುತ್ತದೆ, ಕಾಲೆತ್ತುವಾಗ ಹಿಗ್ಗಿ, ಕುಗ್ಗಿಸಲು ಬಳಸಿದ ಶಕ್ತಿಯ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಹೊಸ ಬಗೆಯ ಫೋಮು ಹಳೆಯದಕ್ಕಿಂತ ಹೆಚ್ಚು ಹಿಂದಿರುಗಿಸುತ್ತದೆ. ಒಳಗಿನ ಹಲಗೆ ಬೆರಳ ಬುಡ ತೀರಾ ಬಾಗದಂತೆ ತಡೆಯುತ್ತದೆ. ಇಂಥ ಮೊದಲ ಶೂವನ್ನು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು 18 ವೇಗದ ಓಟಗಾರರ ಮೇಲೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು: ಆಗಿನ ಒಳ್ಳೆಯ ರೇಸ್ ಶೂಗಳಿಗೆ ಹೋಲಿಸಿದರೆ ಒಂದೇ ವೇಗದಲ್ಲಿ ಓಡಲು ಬೇಕಾದ ಶಕ್ತಿ ಸರಾಸರಿ 4 ಶೇಕಡಾ ಕಡಿಮೆ. ಆದರೆ ಅದು ವೇಗದವರ ಲೆಕ್ಕ. ನಿಧಾನದವರ ಮೇಲೆ 2023ರಲ್ಲಿ ಬಂದ ಅಧ್ಯಯನದಲ್ಲಿ, ಗಂಟೆಗೆ 10ರಿಂದ 12 ಕಿಲೋಮೀಟರ್ ವೇಗದಲ್ಲಿ ಉಳಿತಾಯ ಸರಾಸರಿ ಒಂದು ಶೇಕಡಾದ ಆಸುಪಾಸಿಗೆ ಇಳಿದಿತ್ತು. ಕೆಲವರಿಗೆ ಏನೂ ಸಿಗಲಿಲ್ಲ.

ನಾನು ಆ ನಿಧಾನದ ಗುಂಪಿನವನು. ಆ ಒಂದು ಶೇಕಡಾ ಪೂರ್ತಿ ವೇಗವಾಗಿಯೇ ಸಿಕ್ಕಿತು ಎಂದುಕೊಂಡರೆ, 54 ನಿಮಿಷದಲ್ಲಿ ಅದು ಸುಮಾರು 32 ಸೆಕೆಂಡು. ನಾನು ಗೆದ್ದ ಅಂತರ 9 ಸೆಕೆಂಡು. ಅಂದರೆ ಶೂ ಇಲ್ಲದಿದ್ದರೆ ಸೋಲುತ್ತಿದ್ದೆನೋ ಏನೋ. ಏನೂ ಸಿಗದ ಕೆಲವರಲ್ಲಿ ನಾನೂ ಒಬ್ಬನಾಗಿದ್ದರೆ, ಹೇಗೂ ಗೆಲ್ಲುತ್ತಿದ್ದೆ. ಆ 9 ಸೆಕೆಂಡು ನನ್ನದೋ ಶೂವಿನದೋ ಎಂದು ಯಾರೂ ಹೇಳಲಾರರು. ನಾನೂ ಹೇಳಲಾರೆ.

ನಾವು ಕೆಲವು ಕನ್ನಡಿಗರು ಶನಿವಾರ ಬೆಳಿಗ್ಗೆ ಹಬೀಬುಲ್ಲಾ ರಸ್ತೆಯ ಕರ್ನಾಟಕ ಸಂಘದ ಶಾಲೆಯ ಹತ್ತಿರ ಸೇರಿ ಓಡುವವರು. ಈ ವಿಷಯ ಅಲ್ಲಿ ಎತ್ತಿದಾಗ ಹಾಸನದ ಗೆಳೆಯ ನಕ್ಕುಬಿಟ್ಟ. "ನೀನು ರಾತ್ರಿ ಏಳು ಗಂಟೆ ನಿದ್ದೆ ಮಾಡಿ ಬಂದೆ, ಅವರು ನಿಂತುಕೊಂಡೇ ರಾತ್ರಿ ಕಳೆದು ಬಂದರು. ನೀನು ತಿಂದ ಮೊಟ್ಟೆ, ಬಾದಾಮಿ, ನಿನ್ನ ಫಿಸಿಯೋ, ಎಲ್ಲ ಲೆಕ್ಕ ಹಾಕು. ಶೂ ಒಂದರ ಮೇಲೆ ಯಾಕಪ್ಪ ನಿನಗೆ ಸಿಟ್ಟು?" ಮಾತು ಸರಿಯಾಗಿತ್ತು. ಓಟ ಒಂದೇ ಗೆರೆಯಿಂದ ಶುರುವಾದರೂ ಓಡುವವರು ಒಂದೇ ಕಡೆಯಿಂದ ಬಂದಿರುವುದಿಲ್ಲ.

ಹಾಗೆಂದು ಬರಿಗಾಲೇ ಸತ್ಯ, ಶೂ ಮಾಯೆ ಎನ್ನುವ ವೈರಾಗ್ಯವೂ ನನಗೆ ಒಗ್ಗುವುದಿಲ್ಲ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದ ಕಥೆ ಎಲ್ಲರಿಗೂ ಗೊತ್ತು. 1964ರಲ್ಲಿ ಟೋಕಿಯೋದಲ್ಲಿ ಅದೇ ಬಿಕಿಲಾ ಶೂ ಹಾಕಿಕೊಂಡು ಮತ್ತೆ ಗೆದ್ದರು, ಇನ್ನೂ ಬೇಗ ಓಡಿ. ಶೂ ಹಾಕಿದ್ದಕ್ಕೆ ಆ ಎರಡನೆಯ ಚಿನ್ನ ಹಗುರಾಗಲಿಲ್ಲ. ನಮ್ಮ ಶಿವನಾಥ್ ಸಿಂಗ್ ಬರಿಗಾಲ ಓಟಕ್ಕೆ ಹೆಸರಾದವರು. ಅವರು 1978ರಲ್ಲಿ ಜಲಂಧರದಲ್ಲಿ ಮಾಡಿದ 2 ಗಂಟೆ 12 ನಿಮಿಷದ ರಾಷ್ಟ್ರೀಯ ಮ್ಯಾರಥಾನ್ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಲುಗಲಿಲ್ಲ. ಆ ಹೊತ್ತಿಗೆ ಕಾರ್ಬನ್ ಶೂ ಬಂದು ಎಷ್ಟೋ ವರ್ಷವಾಗಿತ್ತು. ಹಾಗಾಗಿ ಎಲ್ಲವೂ ಶೂವಿನಲ್ಲಿದೆ ಎನ್ನಲೂ ಬಾರದು.

ನಿಯಮ ಏನು ಹೇಳುತ್ತದೆ? ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರ ಜನವರಿಯಲ್ಲಿ ಮಿತಿ ಹಾಕಿತು. ರಸ್ತೆ ಓಟದ ಶೂವಿನ ಅಡಿ 40 ಮಿಲಿಮೀಟರ್ ದಾಟಬಾರದು, ಒಳಗೆ ಒಂದಕ್ಕಿಂತ ಹೆಚ್ಚು ಗಟ್ಟಿ ಹಲಗೆ ಇರಬಾರದು, ಆಗಿನ ನಿಯಮದಂತೆ ರೇಸಿಗೆ ಮುಂಚೆ ನಾಲ್ಕು ತಿಂಗಳಾದರೂ ಆ ಶೂ ಮಾರುಕಟ್ಟೆಯಲ್ಲಿ ಸಿಗುತ್ತಿರಬೇಕಿತ್ತು. 2021ರ ಸೆಪ್ಟೆಂಬರಿನಲ್ಲಿ ವಿಯೆನ್ನಾ ಮ್ಯಾರಥಾನಿನಲ್ಲಿ ಮೊದಲು ಗುರಿ ಮುಟ್ಟಿದ ಡೆರಾರಾ ಹುರಿಸಾ ಅವರ ಶೂವಿನ ಅಡಿ 5 ಸೆಂಟಿಮೀಟರ್ ಇತ್ತು. ಅದು ತರಬೇತಿಗೆಂದು ಮಾಡಿದ ಶೂ. ತರಬೇತಿಯಲ್ಲಿ ಯಾರೂ ಕೇಳುವುದಿಲ್ಲ, ರೇಸಿನಲ್ಲಿ ಒಂದು ಸೆಂಟಿಮೀಟರ್ ಹೆಚ್ಚಾಯಿತು. ಗೆಲುವು ಅವರ ಕೈತಪ್ಪಿ, ಮೂರೇ ಸೆಕೆಂಡು ಹಿಂದೆ ಬಂದ ಲಿಯೊನಾರ್ಡ್ ಲಂಗಟ್ ಅವರದಾಯಿತು.

ಆ ಅಳತೆಯಲ್ಲಿ ನಾನು ಶುದ್ಧ. ಆದರೆ ನಿಯಮದ ಮೂರನೆಯ ಮಾತಿನ ಮೇಲೆ ನನ್ನ ಮನಸ್ಸು ನಿಂತಿತು. ಮಾರುಕಟ್ಟೆಯಲ್ಲಿ ಸಿಗಬೇಕು, ಆಗ ನ್ಯಾಯ ಎಂದು ಅದರ ಅರ್ಥ. ಕಂಪನಿಯವರು ತಮ್ಮ ಓಟಗಾರನಿಗೆ ಮಾತ್ರ ಗುಟ್ಟಾಗಿ ಕೊಡುವಂತಿಲ್ಲ, ಅಷ್ಟರಮಟ್ಟಿಗೆ ಅದು ಒಳ್ಳೆಯ ನಿಯಮ. ಆದರೆ ಟಿ. ನಗರದಲ್ಲಿ ಸಿಗದ ವಸ್ತು ಯಾವುದಿದೆ? ಚಿನ್ನ ಸಿಗುತ್ತದೆ, ಪಟ್ಟೆ ಸೀರೆ ಸಿಗುತ್ತದೆ. ಆ ಬಾಗಿಲನ್ನು ರಾತ್ರಿಯಿಡೀ ಕಾಯುವವರಿಗೆ ಆ ಚಿನ್ನ, ಆ ಸೀರೆ ಗಾಜಿನ ಆಚೆ ಕಾಣುತ್ತಲೇ ಇರುತ್ತದೆ. ಕೊಳ್ಳಲು ಸಿಗುತ್ತದೆ ಎನ್ನುವುದೂ ಕೊಳ್ಳಲಾಗುತ್ತದೆ ಎನ್ನುವುದೂ ಒಂದೇ ಅಲ್ಲ. ನಿಯಮದ ಪುಸ್ತಕ ಈ ವ್ಯತ್ಯಾಸವನ್ನು ತುಂಬಲಾರದು. ಅದನ್ನು ಓಡುವವರೇ ತಮ್ಮ ತಮ್ಮಲ್ಲಿ ತುಂಬಿಕೊಳ್ಳಬೇಕು.

ಹೇಗೆ ಎಂದು ಯೋಚಿಸುವಾಗ ನನಗೆ ನೆನಪಾದದ್ದು ನಮ್ಮೂರಿನ ಕಂಬಳ. ಮೂಡುಬಿದಿರೆಯ ಕಡೆಯವನು ನಾನು. ಸೋದರಮಾವ ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಕರೆಯ ಬದಿಗೆ ಒಯ್ಯುತ್ತಿದ್ದರು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೆಲ್ಲ ಅದನ್ನು ಭಾಗಿಸಿ, ನೂರು ಮೀಟರಿಗೆ 9.55 ಸೆಕೆಂಡು, ಉಸೇನ್ ಬೋಲ್ಟರ 9.58ಕ್ಕಿಂತ ಬೇಗ ಎಂದು ಕುಣಿಯಿತು. ಗೌಡರು ಮಾತ್ರ ಕುಣಿಯಲಿಲ್ಲ. ತನ್ನ ಹೆಸರಿನಲ್ಲಿ ಕೋಣಗಳಿಗೂ ಪಾಲಿದೆ ಎಂದು ಹೇಳಿದರು. ಅದು ಬರೀ ವಿನಯದ ಮಾತಲ್ಲ, ಕಂಬಳದ ಲೆಕ್ಕವೇ ಹಾಗೆ. ಅಲ್ಲಿ ಫಲಿತಾಂಶ ಕೂಗುವಾಗ ಕೋಣ ಯಾರದು, ಓಡಿಸಿದವರು ಯಾರು, ಯಾವ ವಿಭಾಗ, ಎಲ್ಲವನ್ನೂ ಕೂಗುತ್ತಾರೆ. ಹಗ್ಗ ಬೇರೆ, ನೇಗಿಲು ಬೇರೆ, ಅಡ್ಡಹಲಗೆ ಬೇರೆ. ಹಗ್ಗ, ನೇಗಿಲಿನಲ್ಲಿ ಮತ್ತೆ ಹಿರಿಯ, ಕಿರಿಯ. ಹಗ್ಗ ಹಿಡಿದು ಓಡಿದವನ ಸಮಯವನ್ನು ಅಡ್ಡಹಲಗೆಯ ಮೇಲೆ ನಿಂತವನ ಸಮಯದ ಪಕ್ಕದಲ್ಲಿಟ್ಟು ಯಾರೂ ಮೀಸೆ ತಿರುವುವುದಿಲ್ಲ. ಎಳೆದದ್ದು ಕೋಣ ಎಂದು ಒಪ್ಪಿಕೊಂಡ ಮೇಲೂ ಓಡಿದವನ ಹೆಮ್ಮೆ ಕಡಿಮೆಯಾಗುವುದಿಲ್ಲ.

ನನ್ನ ಕಾಲಡಿಯಲ್ಲೂ ಒಂದು ಜೊತೆ ಕೋಣ ಇತ್ತು. ನಾನು ಅದನ್ನು ಮುಚ್ಚಿಟ್ಟೆ. ಎಂಟು ಸಾವಿರ ಎಂದಾಗ ಬಚ್ಚಿಟ್ಟದ್ದು ದುಡ್ಡನ್ನಲ್ಲ. ಆ 9 ಸೆಕೆಂಡೂ ನನ್ನ ಮೈಯದೇ ಎಂದು ಅವರು ನಂಬಲಿ ಎಂಬ ಆಸೆ. ಅವರ ಕಣ್ಣಿನಲ್ಲಿ ನನ್ನ ಗೆಲುವು ದೊಡ್ಡದಾಗಿರಲಿ ಎಂದು ಅವರ ಓಟವನ್ನು ಚಿಕ್ಕದು ಮಾಡಿದೆ. ರಾತ್ರಿಯಿಡೀ ನಿಂತು, ಸವೆದ ಶೂವಿನಲ್ಲಿ ಬಂದು, ಇಷ್ಟೆಲ್ಲ ಖರ್ಚು ಮಾಡಿದವನ ಬೆನ್ನಿಗೇ ಓಡಿದೆ ಎಂದು ತಿಳಿಯುವ ಹಕ್ಕು ಅವರಿಗಿತ್ತು. ಶೂ ಹಾಕಿದ್ದು ತಪ್ಪಲ್ಲ ಎಂದು ಈಗಲೂ ಅನ್ನುತ್ತೇನೆ. ಹೋಲಿಕೆಗೆ ಬೇಕಾದ ಒಂದು ಅಂಕಿಯನ್ನು ಬದಲಿಸಿದ್ದು ತಪ್ಪು.

ನನ್ನ ಜೊತೆಗೇ ನಾನು ಮಾಡಿಕೊಳ್ಳುವ ಹೋಲಿಕೆಯಲ್ಲೂ ಇದೇ ಕಥೆ. 55:40ರಿಂದ 54:12ಕ್ಕೆ ಬಂದೆ ಎಂದು ಫೋನಿನಲ್ಲಿ ಬರೆದುಕೊಂಡಿದ್ದೆ. ಅದರಲ್ಲಿ ಬೆಳಿಗ್ಗೆ ಐದಕ್ಕೆ ಎದ್ದದ್ದು ಎಷ್ಟು, ಅಂಗಡಿಯಿಂದ ತಂದದ್ದು ಎಷ್ಟು? ಈಗ ಆ ಸಾಲಿನ ಪಕ್ಕದಲ್ಲಿ ಶೂವಿನ ಹೆಸರನ್ನೂ ಬರೆದಿದ್ದೇನೆ. ನಾನು ಬೆಳೆದೆನೋ ಇಲ್ಲವೋ ನೋಡಬೇಕಾದರೆ ಹಳೆಯ ತರಬೇತಿ ಶೂವನ್ನೇ ಹಾಕಿ, ಅದೇ ದಾರಿಯಲ್ಲಿ ಓಡಿ ನೋಡುತ್ತೇನೆ. ರೇಸಿನ ಶೂ ಹಬ್ಬದ ಬಟ್ಟೆಯಂತೆ: ಉಡುವುದರಲ್ಲಿ ತಪ್ಪೇನಿಲ್ಲ, ಆದರೆ ಅದನ್ನು ಉಟ್ಟ ದಿನ ಕನ್ನಡಿ ನೋಡಿ ದಿನವೂ ಹೀಗೇ ಇದ್ದೇನೆ ಎಂದುಕೊಳ್ಳಬಾರದು.

ಲಕೋಟೆಯ 2,500 ಅವರಿಗೇ ಕೊಟ್ಟುಬಿಡಲೇ ಎಂದು ಹೆಂಡತಿಯನ್ನು ಕೇಳಿದೆ. "ಮರ್ಲಾ ನಿಮಗೆ? ಅವರು ಓಡ್ಲಿಕ್ಕೆ ಬಂದದ್ದು, ಬೇಡ್ಲಿಕ್ಕೆ ಅಲ್ಲ. ಅಷ್ಟು ಮನಸ್ಸಿಗೆ ಹತ್ತಿದ್ರೆ ಹೋಗಿ ನಿಜ ಹೇಳಿ ಬನ್ನಿ ಮಾರಾಯ್ರೆ. ದುಡ್ಡು ಹಿಡ್ಕೊಂಡು ಮಾತ್ರ ಹೋಗ್ಬೇಡಿ" ಎಂದಳು.

ಓಟ ಮುಗಿದು ಮೂರು ವಾರವಾದ ಮೇಲೆ ಒಂದು ರಾತ್ರಿ ಹೋದೆ. ಅಂಗಡಿಗಳ ಶಟರ್ ಒಂದೊಂದಾಗಿ ಇಳಿಯುತ್ತಿದ್ದವು. ಅವರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಪಾಳಿಗೆ ಕೂರುವುದರಲ್ಲಿದ್ದರು. ಗುರುತು ಹಿಡಿದು ಎದ್ದು ನಿಂತರು. ನನಗೆ ಬರುವ ತಮಿಳಿನಲ್ಲಿ ಹೇಳಿದೆ: ಅವತ್ತು ಸುಳ್ಳು ಹೇಳಿದೆ ಸಾರ್, ಆ ಶೂ ಇಪ್ಪತ್ತೊಂದು ಸಾವಿರ, ಒಳಗೆ ಕಾರ್ಬನ್ ಹಲಗೆ ಇದೆ, ಅದರಿಂದ ಸ್ವಲ್ಪ ವೇಗ ಬರುತ್ತದೆ ಅನ್ನುತ್ತಾರೆ.

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಜೋರಾಗಿ ನಕ್ಕರು.

"ಅಷ್ಟು ಕೊಟ್ಟು ಒಂಬತ್ತೇ ಸೆಕೆಂಡಾ ಸಾರ್?"

ಅಂತರ ಅವರಿಗೂ ನೆನಪಿತ್ತು. ಟೀ ತರಿಸಿದರು, ದುಡ್ಡು ಕೊಡಲು ಬಿಡಲಿಲ್ಲ. ಹೊರಡುವಾಗ, ಮುಂದಿನ ಸಲ ಮಾಮೂಲಿ ಶೂ ಹಾಕಿಕೊಂಡು ಬನ್ನಿ, ಆವಾಗ ನೋಡೋಣ ಎಂದರು. ಆಗಲಿ ಎಂದಿದ್ದೇನೆ. ಗೆಲ್ಲುವ ಭರವಸೆ ನನಗಿಲ್ಲ. ಹಿಂದಿನ ರಾತ್ರಿ ಅವರಿಗೆ ಪಾಳಿ ಇರದಿದ್ದರಂತೂ ಖಂಡಿತ ಇಲ್ಲ.